ಹಬ್ ಮೋಟರ್ ಅದಲು ಬದಲು: ಚಕ್ರ ತಿರುಗಿದರೆ ಸಾಲದು

ಮನೆಯಲ್ಲಿ ಎರಡು ಎಲೆಕ್ಟ್ರಿಕ್ ಗಾಡಿ. ಒಂದರ ಬ್ಯಾಟರಿ ಸತ್ತಿದೆ, ಮೋಟರ್ ಚೆನ್ನಾಗಿದೆ. ಇನ್ನೊಂದಕ್ಕೆ ಬ್ಯಾಟರಿ ಹೊಸದು, ಮೋಟರ್ ಸುಟ್ಟಿದೆ. ಮಾರಿದ ಅಂಗಡಿ ಮುಚ್ಚಿ ಎರಡು ವರ್ಷವಾಯಿತು, ಸ್ಪೇರ್ ಸಿಗುವುದಿಲ್ಲ. "ಇದರ ಮೋಟರ್ ತಗದು ಅದಕ್ಕ ಹಾಕಿದ್ರ ನಡೀತದೇನ್ರಿ?" ಕಲಬುರಗಿಯ ರಿಪೇರಿ ಅಂಗಡಿಗಳಲ್ಲಿ ಈ ಪ್ರಶ್ನೆ ಕೇಳದ ವಾರವಿಲ್ಲ.

ಬಹಳ ಸಲ ನಡೆಯುತ್ತದೆ. ಆದರೆ ಮೂರು ದಪ್ಪ ತಂತಿಗಳನ್ನು ಬಣ್ಣಕ್ಕೆ ಬಣ್ಣ ಕೂಡಿಸಿ ಟೇಪ್ ಸುತ್ತಿ, ಎಕ್ಸಲೇಟರ್ ತಿರುವಿ, ಚಕ್ರ ಸುತ್ತಿದ ಕೂಡಲೇ ಕೆಲಸ ಆಯಿತು ಎಂದುಕೊಳ್ಳುವುದು ದೊಡ್ಡ ತಪ್ಪು. ತಂತಿ ತಪ್ಪಾಗಿ ಕೂಡಿದ್ದರೂ ಚಕ್ರ ತಿರುಗುತ್ತದೆ. ಅಂಥ ಗಾಡಿ ಜಗತ್ ಸರ್ಕಲ್‌ವರೆಗೆ ಹೋಗಿ ಬರುತ್ತದೆ, ಮೇ ತಿಂಗಳ ಮಧ್ಯಾಹ್ನ ಇಬ್ಬರನ್ನು ಹೊತ್ತು ರೈಲ್ವೆ ಓವರ್‌ಬ್ರಿಡ್ಜ್ ಏರುವಾಗ ಕಂಟ್ರೋಲರ್, ಅಂದರೆ ಬ್ಯಾಟರಿಯ ಕರೆಂಟನ್ನು ಮೋಟರಿಗೆ ಹಂಚುವ ಪೆಟ್ಟಿಗೆ, ಸುಟ್ಟುಕೊಳ್ಳುತ್ತದೆ. ಆಗ ಒಂದು ಮೋಟರಿನ ಖರ್ಚು ಉಳಿಸಲು ಹೋದವರ ಮೇಲೆ ಕಂಟ್ರೋಲರ್ ಖರ್ಚೂ ಬೀಳುತ್ತದೆ.

ಇಲ್ಲಿ ಹೇಳುವುದೆಲ್ಲ ಚಕ್ರದೊಳಗೇ ಮೋಟರ್ (ಹಬ್ ಮೋಟರ್) ಇರುವ, ಸಾಮಾನ್ಯ ಚೌಕ ಪೆಟ್ಟಿಗೆಯ ಕಂಟ್ರೋಲರ್ ಇರುವ ಸ್ಕೂಟರ್ ಮತ್ತು ಸೈಕಲ್‌ಗಳಿಗೆ ಸಂಬಂಧಿಸಿದ್ದು. ಏಥರ್ 450ರಂಥ ಗಾಡಿಯಲ್ಲಿ ಮೋಟರ್ ಚಕ್ರದಲ್ಲಿಲ್ಲ, ಬೆಲ್ಟ್ ಮೂಲಕ ಚಕ್ರ ತಿರುಗಿಸುತ್ತದೆ. ಟಿವಿಎಸ್ ಐಕ್ಯೂಬ್‌ನದು ಹಬ್ ಮೋಟರೇ, ಆದರೆ ಅದರ ಕಂಟ್ರೋಲರ್ ಅದೇ ಮೋಟರಿಗೆಂದು ಹೊಂದಿಸಿದ್ದು. ಇಂಥವುಗಳಿಗೆ ಬೇರೆ ಗಾಡಿಯ ಮೋಟರ್ ಹಾಕುವ ಯೋಚನೆಯನ್ನೇ ಬಿಡಿ.

ಒಳಗೆ ಏನಿದೆ

ಹಬ್ ಮೋಟರಿನಲ್ಲಿ ಆಕ್ಸಲ್ ತಿರುಗುವುದಿಲ್ಲ. ಆಕ್ಸಲ್‌ಗೆ ತಾಮ್ರದ ಸುರುಳಿಗಳು ಅಂಟಿಕೊಂಡಿವೆ. ಅವುಗಳ ಸುತ್ತ, ರಿಮ್ಮಿನ ಒಳಗೋಡೆಗೆ ಅಯಸ್ಕಾಂತಗಳಿವೆ. ತಿರುಗುವುದು ಆ ಹೊರಚಿಪ್ಪು. ಬಹಳಷ್ಟು ಹಬ್ ಮೋಟರ್‌ಗಳಲ್ಲಿ 46 ಅಯಸ್ಕಾಂತಗಳು, ಅಂದರೆ 23 ಜೋಡಿ. ಸುರುಳಿಗಳು ಮೂರು ಗುಂಪು. ಪ್ರತಿ ಗುಂಪಿನಿಂದ ಒಂದು ದಪ್ಪ ತಂತಿ ಹೊರಗೆ ಬರುತ್ತದೆ. ಹಳದಿ, ಹಸಿರು, ನೀಲಿ. ಇವು ಫೇಸ್ ತಂತಿಗಳು.

ಜೊತೆಗೆ ಐದು ಸಣ್ಣ ತಂತಿಗಳು: ಕೆಂಪು 5 ವೋಲ್ಟ್, ಕಪ್ಪು ನೆಗೆಟಿವ್, ಮತ್ತೆ ಹಳದಿ, ಹಸಿರು, ನೀಲಿ. ಇವು ಹಾಲ್ ಸೆನ್ಸರ್‌ಗಳವು. ಅಯಸ್ಕಾಂತ ಈಗ ಎಲ್ಲಿದೆ ಎಂದು ಕಂಟ್ರೋಲರ್‌ಗೆ ತಿಳಿಸುವುದು ಇವುಗಳ ಕೆಲಸ. ಮೂರು ಸೆನ್ಸರ್ ಸೇರಿ ಆರು ಬಗೆಯ ಸುಳಿವು ಕೊಡುತ್ತವೆ; ಪ್ರತಿ ಸುಳಿವಿಗೂ ಕಂಟ್ರೋಲರ್ ಯಾವ ಎರಡು ಫೇಸ್‌ಗೆ ಕರೆಂಟ್ ಬಿಡಬೇಕೆಂದು ನಿರ್ಧರಿಸುತ್ತದೆ. 23 ಜೋಡಿಯ ಮೋಟರಿನಲ್ಲಿ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಈ ನಿರ್ಧಾರ 138 ಸಲ ಆಗುತ್ತದೆ. ಸುಳಿವಿಗೂ ಕರೆಂಟಿಗೂ ತಾಳ ತಪ್ಪಿದರೆ ಮೋಟರ್ ತನ್ನನ್ನು ತಾನೇ ತಡೆಯುತ್ತದೆ, ತಡೆದ ಶಕ್ತಿ ಶಾಖವಾಗುತ್ತದೆ. ಅದಲು ಬದಲಿನ ತೊಂದರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇದೊಂದರಿಂದಲೇ ಹುಟ್ಟುತ್ತವೆ.

ತಂತಿಯ ಬಣ್ಣ ನಂಬಬೇಡಿ. ಯಾವ ಬಣ್ಣಕ್ಕೆ ಯಾವ ಗುಂಪು ಎಂಬುದಕ್ಕೆ ಎಲ್ಲ ತಯಾರಕರೂ ಒಪ್ಪಿದ ನಿಯಮವಿಲ್ಲ. ಎರಡು ಕಂಪನಿಯ ಹಳದಿ ಒಂದೇ ಹಳದಿಯಲ್ಲ.

ಪಾನಾ ಹಿಡಿಯುವ ಮೊದಲು ನೋಡಬೇಕಾದ್ದು

ಎಲ್ಲರೂ ಮೊದಲು ಕೇಳುವುದು "ಎಷ್ಟು ವ್ಯಾಟಿಂದು?" ಎಂದು. ಅದು ಕೊನೆಗೆ ನೋಡುವ ಸಂಗತಿ. ಮೊದಲು ಆಕ್ಸಲ್ ನೋಡಿ.

ಆಕ್ಸಲ್ ತುದಿ ಪೂರ್ತಿ ದುಂಡಗಿರುವುದಿಲ್ಲ, ಎರಡು ಬದಿ ಚಪ್ಪಟೆ ಕೊರೆದಿರುತ್ತದೆ. ಸೈಕಲ್ ಹಬ್‌ಗಳಲ್ಲಿ ಸಾಮಾನ್ಯವಾಗಿ 12 ಮಿ.ಮೀ. ಆಕ್ಸಲ್, ಚಪ್ಪಟೆ ಬದಿಗಳ ನಡುವೆ 10 ಮಿ.ಮೀ. ಸ್ಕೂಟರಿನದು ಇದಕ್ಕಿಂತ ದಪ್ಪ. ಈ ಚಪ್ಪಟೆ ಭಾಗ ಫ್ರೇಮಿನ ಸೀಳಿನಲ್ಲಿ ಬಿಗಿಯಾಗಿ ಕೂರಬೇಕು, ಏಕೆಂದರೆ ಚಕ್ರವನ್ನು ಮುಂದಕ್ಕೆ ನೂಕುವ ಬಲವೇ ಆಕ್ಸಲ್ಲನ್ನು ಅಷ್ಟೇ ಜೋರಾಗಿ ಹಿಂದಕ್ಕೆ ತಿರುಚುತ್ತದೆ. ಅರ್ಧ ಮಿ.ಮೀ. ಸಡಿಲವಿದ್ದರೂ ಪ್ರತಿ ಸಲ ಗಾಡಿ ಹೊರಡುವಾಗ "ಟಕ್" ಎಂದು ಆಚೀಚೆ ಹೊಡೆದು ಆ ಸೀಳನ್ನು ಅಗಲ ಮಾಡುತ್ತಾ ಹೋಗುತ್ತದೆ. ಒಂದು ದಿನ ಆಕ್ಸಲ್ ಪೂರ್ತಿ ತಿರುಗಿಬಿಡುತ್ತದೆ. ಎಂಟೂ ತಂತಿಗಳು ಆಕ್ಸಲಿನ ಟೊಳ್ಳಿನಿಂದಲೇ ಹೊರಬರುವುದರಿಂದ ಅವು ಹೊಸೆದು ಹರಿಯುತ್ತವೆ. ಹರಿದ ಫೇಸ್ ತಂತಿ ಹಾಲ್ ತಂತಿಗೆ ತಾಗಿತೆಂದರೆ 5 ವೋಲ್ಟಿನ ಲೈನಿಗೆ 60 ವೋಲ್ಟ್ ನುಗ್ಗುತ್ತದೆ. ಮೂರೂ ಸೆನ್ಸರ್ ಸುಡುತ್ತವೆ. ಎಕ್ಸಲೇಟರ್‌ಗೂ ಅದೇ 5 ವೋಲ್ಟ್ ಹೋಗುತ್ತದಾದ್ದರಿಂದ ಅದೂ ಸುಡುತ್ತದೆ.

ಆದ್ದರಿಂದ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯಿರಿ. ಆಕ್ಸಲ್ ದಪ್ಪ, ಚಪ್ಪಟೆ ಅಳತೆ, ಆಕ್ಸಲ್ ಫ್ರೇಮಿಗೆ ಆತು ನಿಲ್ಲುವ ಎರಡು ಭುಜಗಳ ನಡುವಿನ ಅಗಲ. ಸೈಕಲ್ಲಿಗೆ ಸಾಮಾನ್ಯವಾಗಿ ಮುಂದೆ 100, ಹಿಂದೆ 135 ಮಿ.ಮೀ. ಅಗಲ ಕಡಿಮೆ ಬಿದ್ದರೆ ವಾಷರ್ ತುಂಬಬಹುದು. ಹೆಚ್ಚಾದರೆ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿಯುವ ತೋಳು) ಬಗ್ಗಿಸಿ ತೂರಿಸುವುದು ಬೇಡ, ಬೇರಿಂಗ್ ಮೇಲೆ ಒತ್ತಡ ಬಿದ್ದು ಚಕ್ರ ಓರೆ ಓಡುತ್ತದೆ. ಚಪ್ಪಟೆ ಭಾಗ ಸಡಿಲವಿದ್ದರೆ 6 ಮಿ.ಮೀ. ಉಕ್ಕಿನ ಪಟ್ಟಿಯಲ್ಲಿ ಆಕ್ಸಲ್ ಅಳತೆಗೆ ತಕ್ಕ ತೂತು ಕೊರೆಸಿ, ಆಕ್ಸಲ್ ತಿರುಗದಂತೆ ತಡೆಯುವ ಟಾರ್ಕ್ ಆರ್ಮ್ ಮಾಡಿಸಿ, ಅದರ ಇನ್ನೊಂದು ತುದಿಯನ್ನು ಸ್ವಿಂಗ್ ಆರ್ಮ್‌ಗೆ ಬೋಲ್ಟ್ ಮಾಡಿ. ಊರಿನ ಯಾವುದೇ ಲೇತ್ ಅಂಗಡಿಯಲ್ಲಿ ಇದು ಆಗುವ ಕೆಲಸ. ತೂತಿನ ಚಪ್ಪಟೆ ಅಂಚುಗಳನ್ನು ಕೈಯಲ್ಲಿ ಫೈಲ್ ಹಾಕಿ ಕೂರಿಸಲು ಹೇಳಿ. ವೆಲ್ಡಿಂಗ್ ಮಾಡಿ ತುಂಬಿದ ಸೀಳು ಹೆಚ್ಚು ದಿನ ನಿಲ್ಲುವುದಿಲ್ಲ. ಮತ್ತು ಮೋಟರ್ ಚಕ್ರ ಗಾಡಿಯಲ್ಲಿರುವಾಗ ಫ್ರೇಮಿಗೆ ವೆಲ್ಡಿಂಗ್ ಮಾಡಿಸಲೇಬಾರದು.

ಆಮೇಲೆ ಬ್ರೇಕ್. ಡ್ರಮ್ಮೋ ಡಿಸ್ಕೋ, ಡ್ರಮ್ಮಾದರೆ ಅಳತೆ ಎಷ್ಟು, ತಂತಿ ಎಡಕ್ಕೆ ಬರುತ್ತದೋ ಬಲಕ್ಕೋ, ಬ್ರೇಕ್ ಪ್ಲೇಟನ್ನು ತಡೆಯುವ ಕಚ್ಚು ಫ್ರೇಮಿನಲ್ಲಿ ಅದೇ ಜಾಗದಲ್ಲಿದೆಯೋ. ಬ್ರೇಕ್ ಪ್ಲೇಟಿಗೆ ಗಟ್ಟಿ ಆಸರೆ ಸಿಗದಿದ್ದರೆ ಮೋಟರ್ ಎಷ್ಟೇ ಚೆನ್ನಾಗಿರಲಿ, ಆ ಗಾಡಿ ರಸ್ತೆಗೆ ಬರಬಾರದು.

ವೋಲ್ಟ್, ವೇಗ, ಆಂಪಿಯರ್

ಮೋಟರಿಗೆ ವೋಲ್ಟ್ ಹೆಚ್ಚು ಕೊಟ್ಟಷ್ಟೂ ಅದು ಜೋರು ತಿರುಗುತ್ತದೆ, ಲೆಕ್ಕ ನೇರ. ಸ್ಟಿಕ್ಕರಿನಲ್ಲಿ 60 ವೋಲ್ಟ್, 600 ಆರ್‌ಪಿಎಂ ಎಂದಿದ್ದರೆ ಒಂದು ವೋಲ್ಟಿಗೆ 10 ಸುತ್ತು. ಅದನ್ನೇ 48 ವೋಲ್ಟಿನ ಗಾಡಿಗೆ ಹಾಕಿದರೆ 480. 10 ಇಂಚಿನ ಸ್ಕೂಟರ್ ಟೈರಿನ ಸುತ್ತಳತೆ ಸುಮಾರು 1.3 ಮೀಟರ್, 600 ಸುತ್ತಿಗೆ ಗಂಟೆಗೆ ಸುಮಾರು 47 ಕಿ.ಮೀ., 480ಕ್ಕೆ 37. ಇದು ಭಾರವಿಲ್ಲದಾಗಿನ ಲೆಕ್ಕ, ರಸ್ತೆಯಲ್ಲಿ ಇನ್ನೂ ಕಡಿಮೆ. ಹೀಗೆ ನಿಧಾನವಾಗುವುದರಿಂದ ಮೋಟರಿಗೆ ಹಾನಿಯಿಲ್ಲ.

ತಿರುವುಮುರುವು ಮಾಡಿದಾಗ, ಅಂದರೆ 48 ವೋಲ್ಟಿಗೆ 600 ಸುತ್ತು ತಿರುಗುವ ಮೋಟರನ್ನು 60 ವೋಲ್ಟಿಗೆ ಹಾಕಿದಾಗ 750 ಸುತ್ತು, ಗಂಟೆಗೆ 58 ಕಿ.ಮೀ. ಹುಡುಗರಿಗೆ ಇದೇ ಇಷ್ಟ. ಆದರೆ ವೇಗದ ಮೋಟರ್ ಅದೇ ಎಳೆತಕ್ಕೆ ಹೆಚ್ಚು ಆಂಪಿಯರ್ ಕೇಳುತ್ತದೆ. ಗಾಡಿ ಮತ್ತು ಇಬ್ಬರು ಸೇರಿ 220 ಕಿಲೋ, ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆ. ಚಕ್ರದಲ್ಲಿ ಸುಮಾರು 29 ನ್ಯೂಟನ್ ಮೀಟರ್ ತಿರುಚು ಬಲ ಬೇಕು. ವೋಲ್ಟಿಗೆ 10 ಸುತ್ತಿನ ಮೋಟರ್ ಇದಕ್ಕೆ ಫೇಸ್ ತಂತಿಯಲ್ಲಿ 30 ಆಂಪಿಯರ್ ತೆಗೆದುಕೊಂಡರೆ, 12.5 ಸುತ್ತಿನದು 38 ತೆಗೆದುಕೊಳ್ಳುತ್ತದೆ. ಶಾಖ ಆಂಪಿಯರಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಕಂಟ್ರೋಲರಿನಲ್ಲಿ ಕರೆಂಟ್ ಬಿಟ್ಟು ನಿಲ್ಲಿಸುವ ಮಾಸ್ಫೆಟ್‌ಗಳಲ್ಲೂ ತಂತಿಯ ಜೋಡಣೆಗಳಲ್ಲೂ ಅದು ಒಂದೂವರೆ ಪಟ್ಟಿಗೂ ಮೇಲೆ. ವೇಗದ ಮೋಟರಿನ ಸುರುಳಿಯಲ್ಲಿ ತಾಮ್ರ ದಪ್ಪಗಿರುತ್ತದೆ, ಮೋಟರ್ ತಡೆದುಕೊಳ್ಳುತ್ತದೆ. ಸಾಯುವುದು ಕಂಟ್ರೋಲರ್.

ಕಂಟ್ರೋಲರಿನ ಬಗ್ಗೆ ಇನ್ನೊಂದು ಮಾತು. 48 ವೋಲ್ಟಿನ ಅನೇಕ ಕಂಟ್ರೋಲರ್‌ಗಳ ಒಳಗೆ 63 ವೋಲ್ಟಿನ ಕೆಪಾಸಿಟರ್ ಇರುತ್ತದೆ. 60 ವೋಲ್ಟಿನ ಲಿಥಿಯಂ ಬ್ಯಾಟರಿ ಪೂರ್ತಿ ಚಾರ್ಜಾದಾಗ 67 ವೋಲ್ಟ್ ದಾಟುತ್ತದೆ, 17 ಸೆಲ್ ಸಾಲಿನದಾದರೆ 71.4. "60 ಅಂದ್ರ 63ಕ್ಕಿಂತ ಕಡಿಮೀನೇ ಅಲ್ಲೇನ್ರಿ" ಎಂದು ಕೂಡಿಸಿದವರ ಕೆಪಾಸಿಟರ್ ಒಡೆಯುವುದು ಹೀಗೆ. ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್ ಆದ ಬಿಎಂಎಸ್ 30 ಆಂಪಿಯರ್, ಕಂಟ್ರೋಲರ್ 40 ಆಂಪಿಯರ್ ಆಗಿದ್ದರೆ ಏರಿನಲ್ಲಿ ಗಾಡಿ ತಟ್ಟನೆ ಬಂದ್ ಬೀಳುತ್ತದೆ. ಹಿಂದೆ ಲಾರಿ ಬರುತ್ತಿರುವಾಗ ಇದು ಸಣ್ಣ ತೊಂದರೆಯಲ್ಲ. ಸಾಧ್ಯವಿದ್ದರೆ ಮೋಟರ್ ಮತ್ತು ಅದರ ಕಂಟ್ರೋಲರ್ ಎರಡನ್ನೂ ಜೋಡಿಯಾಗಿಯೇ ಹೊಸ ಗಾಡಿಗೆ ಸಾಗಿಸಿ, ಬ್ಯಾಟರಿಯ ವೋಲ್ಟ್ ಒಂದೇ ಆಗಿದ್ದರೆ. ಅರ್ಧ ತಲೆನೋವು ಅಲ್ಲೇ ಮುಗಿಯುತ್ತದೆ.

ಕಾನೂನಿನ ಮಾತೂ ಇಲ್ಲೇ ಆಗಬೇಕು. 30 ನಿಮಿಷದ ಶಕ್ತಿ 250 ವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಒಳಗೆ ಇರುವ ಗಾಡಿಯನ್ನು ಕೇಂದ್ರ ಮೋಟಾರು ವಾಹನ ನಿಯಮಗಳು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಅದಕ್ಕೇ ನಂಬರ್ ಪ್ಲೇಟ್, ಲೈಸೆನ್ಸ್ ಬೇಡ. ಅಂಥ ಗಾಡಿಗೆ 1000 ವ್ಯಾಟಿನ ಮೋಟರ್ ಹಾಕಿದ ದಿನ ಅದು ನೋಂದಣಿಯಿಲ್ಲದ ಮೋಟಾರು ವಾಹನ. ಆರ್‌ಸಿ ಇರುವ ಗಾಡಿಯಾದರೆ ತಯಾರಕರ ವಿವರಕ್ಕೆ ವಿರುದ್ಧವಾಗಿ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ, ಅಪಘಾತವಾದರೆ ವಿಮೆಯವರು ಅದನ್ನೇ ಎತ್ತುತ್ತಾರೆ. ಅದೇ ವೋಲ್ಟು, ಅದೇ ವ್ಯಾಟಿನ ಮೋಟರಿಗೆ ಮಾತ್ರ ಕೈ ಹಾಕಿ.

ಬಿಚ್ಚುವ ಮೊದಲು ಮೋಟರ್ ಪರೀಕ್ಷೆ

ಎಂಸಿಬಿ (ಬ್ಯಾಟರಿ ಲೈನಿನ ಸ್ವಿಚ್) ಇಳಿಸಿ, ಬ್ಯಾಟರಿ ಪ್ಲಗ್ ಕಿತ್ತು, ಐದು ನಿಮಿಷ ಬಿಡಿ. ಕಂಟ್ರೋಲರಿನ ಕೆಪಾಸಿಟರ್‌ಗಳಲ್ಲಿ ಉಳಿದ ಚಾರ್ಜ್ ಇಳಿದಿದೆಯೇ ಎಂದು ಮೀಟರ್ ಹಿಡಿದು ನೋಡಿದ ಮೇಲೆಯೇ ತಂತಿ ಮುಟ್ಟಿ.

ಮೂರು ಫೇಸ್ ತಂತಿ ಬಿಡಿಸಿ, ಒಂದಕ್ಕೊಂದು ತಾಗದಂತೆ ಇಟ್ಟು ಚಕ್ರ ತಿರುಗಿಸಿ. ಹಗುರಾಗಿ ತಿರುಗಬೇಕು. ಆಗಲೂ ಗಟ್ಟಿಯಾಗಿ ಜಗ್ಗಿದರೆ ಸುರುಳಿ ಒಳಗೇ ಶಾರ್ಟ್ ಆಗಿದೆ, ಆ ಮೋಟರ್ ಬೇಡ. ಈಗ ಎರಡೆರಡು ತಂತಿಗಳನ್ನು ಕೂಡಿಸಿ ತಿರುಗಿಸಿ: ಹಳದಿ-ಹಸಿರು, ಹಸಿರು-ನೀಲಿ, ನೀಲಿ-ಹಳದಿ. ಮೂರು ಸಲವೂ ಕೈಗೆ ಒಂದೇ ರೀತಿ ಕುಲುಕು ಸಿಗಬೇಕು. ಎರಡು ಜೋಡಿಗಳಲ್ಲಿ ಸಡಿಲವೆನಿಸಿದರೆ ಆ ಎರಡರಲ್ಲೂ ಇರುವ ಬಣ್ಣದ ತಂತಿ ಎಲ್ಲೋ ಕಡಿದಿದೆ. ಫೇಸ್ ತಂತಿಗಳ ನಡುವಿನ ಓಮ್ ಅಳೆದು ಪ್ರಯೋಜನವಿಲ್ಲ, ಅದು ಒಂದು ಓಮಿನ ಸಣ್ಣ ಭಾಗ, ಸಾಧಾರಣ ಮಲ್ಟಿಮೀಟರಿಗೆ ಸಿಗುವುದಿಲ್ಲ. ಫೇಸ್ ತಂತಿಗೂ ಆಕ್ಸಲ್‌ಗೂ ನಡುವೆ ಮಾತ್ರ ಅಳೆಯಿರಿ. ಅಲ್ಲಿ ಬೀಪ್ ಬಂದರೆ ಸುರುಳಿಯ ತಂತಿ ಮೋಟರಿನ ಲೋಹಕ್ಕೆ ತಾಗಿದೆ.

ಹಾಲ್ ಪರೀಕ್ಷೆಗೆ ಆ ಐದು ತಂತಿಗಳ ಕನೆಕ್ಟರನ್ನು ಕಂಟ್ರೋಲರ್‌ಗೆ ಜೋಡಿಸಿಯೇ ಇಡಿ, ಫೇಸ್ ತಂತಿ ಮಾತ್ರ ಬಿಡಿಸಿರಲಿ. ಬ್ಯಾಟರಿ ಹಾಕಿ, ಕೀ ತಿರುವಿ. ಮೀಟರಿನ ಕಪ್ಪು ಕಡ್ಡಿ ಕಪ್ಪು ತಂತಿಗೆ, ಕೆಂಪು ಕಡ್ಡಿ ಕನೆಕ್ಟರಿನ ಹಿಂಬದಿಯಿಂದ ಹಳದಿಗೆ. ಚಕ್ರವನ್ನು ಬೆರಳಲ್ಲಿ ನೂಕಿದಷ್ಟು ನಿಧಾನ ತಿರುಗಿಸಿದರೆ ಮೀಟರ್ 0, 5, 0, 5 ಎಂದು ಏರಿಳಿಯಬೇಕು. ಹಸಿರಿಗೂ ನೀಲಿಗೂ ಹಾಗೆಯೇ. ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ ಒಂದು ಸುತ್ತಿನಲ್ಲಿ ಎಷ್ಟು ಸಲ 5ಕ್ಕೆ ಏರಿತೆಂದು ಎಣಿಸಿದರೆ ಅಯಸ್ಕಾಂತದ ಜೋಡಿಗಳ ಲೆಕ್ಕವೂ ಸಿಗುತ್ತದೆ. ಕಂಟ್ರೋಲರಿನಿಂದ ಸ್ಪೀಡ್ ತೆಗೆದುಕೊಳ್ಳುವ ಮೀಟರ್ ಇದ್ದರೆ, ಹಳೆಯದಕ್ಕೂ ಹೊಸದಕ್ಕೂ ಈ ಲೆಕ್ಕ ಬೇರೆಯಾದಾಗ ಅದು ಅದೇ ಅನುಪಾತದಲ್ಲಿ ತಪ್ಪು ತೋರಿಸುತ್ತದೆ.

ತಿರುಗಿಸುವಾಗ ಮೂರೂ ಒಟ್ಟಿಗೆ 5 ಅಥವಾ ಮೂರೂ ಒಟ್ಟಿಗೆ 0 ಬರುವ ಘಳಿಗೆ ಇದ್ದರೆ ಒಂದೋ ಸೆನ್ಸರ್ ಸತ್ತಿದೆ, ಇಲ್ಲವೇ ಅದು ಸೆನ್ಸರ್‌ಗಳ ಸುಳಿವಿನ ನಡುವೆ 60 ಡಿಗ್ರಿ ಅಂತರವಿರುವ ಹಳೆಯ ಜೋಡಣೆಯ ಮೋಟರ್. ಈಗಿನ ಹೆಚ್ಚಿನ ಕಂಟ್ರೋಲರ್‌ಗಳು 120 ಡಿಗ್ರಿಯವು. ಇವೆರಡೂ ನೇರವಾಗಿ ಕೂಡುವುದಿಲ್ಲ.

ಆರನೆಯ ಸಣ್ಣ ತಂತಿ, ಸಾಮಾನ್ಯವಾಗಿ ಬಿಳಿ, ಇದ್ದರೆ ಅದು ಉಷ್ಣತೆಯ ಸೆನ್ಸರ್ ಇರಬಹುದು, ಸ್ಪೀಡ್ ಸಿಗ್ನಲ್ಲೂ ಇರಬಹುದು. ಏನೆಂದು ಗೊತ್ತಾಗುವವರೆಗೆ ತುದಿಗೆ ಸ್ಲೀವ್ ಹಾಕಿ ಬಿಟ್ಟುಬಿಡಿ. ಬೇರೆ ಜಾತಿಯ ಉಷ್ಣ ಸೆನ್ಸರನ್ನು ಕಂಟ್ರೋಲರ್ ತಪ್ಪಾಗಿ ಓದಿದರೆ ತಣ್ಣಗಿರುವ ಮೋಟರನ್ನೂ ಕಾದಿದೆಯೆಂದು ಪವರ್ ಇಳಿಸುತ್ತದೆ.

ಬಿಚ್ಚಿದ ಚಕ್ರ ಹತ್ತು ಕಿಲೋಗೂ ಮೇಲೆ ತೂಗಬಹುದು. ಅದನ್ನು ತಂತಿ ಇರುವ ಬದಿ ಕೆಳಗಾಗಿ ಶಹಾಬಾದಿ ಕಲ್ಲಿನ ಮೇಲೆ ಇಟ್ಟರೆ ಪೂರ್ತಿ ಭಾರ ಆಕ್ಸಲ್ ಬಾಯಲ್ಲಿರುವ ತಂತಿಯ ಮೇಲೆ ಬೀಳುತ್ತದೆ. ಒಂದು ಹಳೆ ಟೈರ್ ಹಾಸಿ, ತಂತಿ ಮೇಲ್ಮುಖವಾಗಿ ಮಲಗಿಸಿ.

ಆರು ಜೋಡಣೆ, ಒಂದೇ ಸರಿ

ಗಾಡಿ ಡಬಲ್ ಸ್ಟ್ಯಾಂಡ್ ಮೇಲಿರಲಿ, ಚಕ್ರ ನೆಲ ಮುಟ್ಟದಿರಲಿ. ಬ್ಯಾಟರಿ ಲೈನಿನಲ್ಲಿ ತಾತ್ಕಾಲಿಕವಾಗಿ 10 ಆಂಪಿಯರ್ ಫ್ಯೂಸ್ ಹಾಕಿ. ಹಾಲ್ ತಂತಿ ಬಣ್ಣಕ್ಕೆ ಬಣ್ಣ ಕೂಡಿಸಿ ಹಾಗೇ ಬಿಡಿ, ಬದಲಾಯಿಸುವುದು ಫೇಸ್ ಮಾತ್ರ. ಕಂಟ್ರೋಲರಿನ ಹಳದಿ, ಹಸಿರು, ನೀಲಿಗೆ ಮೋಟರಿನ ತಂತಿಗಳನ್ನು ಕ್ರಮವಾಗಿ ಹೀಗೆ ಕೂಡಿಸುತ್ತಾ ಹೋಗಿ: ಹಳದಿ-ಹಸಿರು-ನೀಲಿ, ಹಸಿರು-ನೀಲಿ-ಹಳದಿ, ನೀಲಿ-ಹಳದಿ-ಹಸಿರು, ಹಳದಿ-ನೀಲಿ-ಹಸಿರು, ಹಸಿರು-ಹಳದಿ-ನೀಲಿ, ನೀಲಿ-ಹಸಿರು-ಹಳದಿ. ಪ್ರತಿ ಸಲವೂ ಬ್ಯಾಟರಿ ಬಿಡಿಸಿಯೇ ತಂತಿ ಬದಲಿಸಿ. ಎಕ್ಸಲೇಟರ್ ತೀರ ಸ್ವಲ್ಪ, ಎರಡು ಸೆಕೆಂಡು ಮಾತ್ರ. ಏನಾಯಿತೆಂದು ಚೀಟಿಯಲ್ಲಿ ಬರೆದುಕೊಳ್ಳಿ, ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ.

ಆರರಲ್ಲಿ ಒಂದೇ ಒಂದು ಸರಿ. ಕೆಲವದರಲ್ಲಿ ಚಕ್ರ ನಡುಗಿ ನಿಲ್ಲುತ್ತದೆ, ಅದು ಕಣ್ಣಿಗೇ ಕಾಣುವ ತಪ್ಪು. ಮೋಸ ಮಾಡುವುದು ಉಳಿದ ಎರಡು: ಅವುಗಳಲ್ಲಿ ಚಕ್ರ ತಿರುಗುತ್ತದೆ, ಆದರೆ ಗುರ್ ಎಂಬ ಒರಟು ಸದ್ದು, ಹೊರಡುವಾಗ ತಡವರಿಕೆ. ಸುಳಿವಿಗೂ ಕರೆಂಟಿಗೂ ತಾಳ ತಪ್ಪಿ ಅರ್ಧ ಬಲ ಮಾತ್ರ ಚಕ್ರಕ್ಕೆ ಸಿಗುತ್ತಿರುತ್ತದೆ. "ಗಾಡಿ ಝಟಕಾ ಹೊಡಿಲತ್ತದ" ಎಂದು ಬರುವ ಗಾಡಿಗಳಲ್ಲಿ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಸರಿಯಾದುದನ್ನು ಕಿವಿಯಿಂದಲ್ಲ, ಮೀಟರಿನಿಂದ ಗುರುತಿಸಿ. ಬ್ಯಾಟರಿಯ ಕೆಂಪು ತಂತಿಗೆ ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಹಿಡಿಯಿರಿ. ಮನೆ ವೈರಿಂಗಿನವರ ಹತ್ತಿರ ಇರುವ, ಎಸಿ ಮಾತ್ರ ಅಳೆಯುವ ಕ್ಲ್ಯಾಂಪ್ ಇಲ್ಲಿ ಸೊನ್ನೆ ತೋರಿಸುತ್ತದೆ. 60 ವೋಲ್ಟಿನ, ಸಾವಿರ ವ್ಯಾಟ್ ಆಸುಪಾಸಿನ ಸ್ಕೂಟರ್ ಹಬ್ ಖಾಲಿ ತಿರುಗುವಾಗ ಸಾಮಾನ್ಯವಾಗಿ 1ರಿಂದ 2.5 ಆಂಪಿಯರ್ ಎಳೆಯುತ್ತದೆ. 4, 5, 6 ತೋರಿಸಿದರೆ ಜೋಡಣೆ ತಪ್ಪು, ಚಕ್ರ ಎಷ್ಟೇ ಚಂದ ಸುತ್ತುತ್ತಿರಲಿ.

ಸರಿಯಾದ ಜೋಡಣೆಯಲ್ಲಿ ಸದ್ದು ನಯವಾಗಿದೆ, ಆಂಪಿಯರ್ ಕಡಿಮೆ ಇದೆ, ಆದರೆ ಚಕ್ರ ಹಿಂದಕ್ಕೆ ತಿರುಗುತ್ತಿದೆ. ಹೀಗೂ ಆಗುತ್ತದೆ. ಫೇಸ್ ಮಾತ್ರ ಅದಲು ಬದಲು ಮಾಡಿ ಇದನ್ನು ಸರಿಪಡಿಸಲಾಗದು. ಹಾಲ್‌ನ ಯಾವುದಾದರೂ ಎರಡು ಸಿಗ್ನಲ್ ತಂತಿಗಳನ್ನು ತಮ್ಮಲ್ಲಿ ಬದಲಿಸಿ, ಮತ್ತೆ ಆರೂ ಫೇಸ್ ಜೋಡಣೆ ನೋಡಿ. ಈಗ ಸಿಗುವ ಸರಿಯಾದದ್ದು ಮುಂದಕ್ಕೆ ತಿರುಗುತ್ತದೆ. ಹಾಲ್‌ನ ಕೆಂಪು, ಕಪ್ಪು ತಂತಿಗಳನ್ನು ಮಾತ್ರ ಎಂದೂ ಅದಲು ಮಾಡಬೇಡಿ.

ಕೆಲವು ಕಂಟ್ರೋಲರ್‌ಗಳಲ್ಲಿ ತುದಿಗೆ ಪ್ಲಗ್ ಇರುವ ಎರಡು ಸಣ್ಣ ಬಿಳಿ ತಂತಿಗಳಿರುತ್ತವೆ, ಸೆಲ್ಫ್ ಲರ್ನ್ ಎಂದು ಚೀಟಿ ಅಂಟಿಸಿರುತ್ತಾರೆ. ಅವನ್ನು ಕೂಡಿಸಿ ಕೀ ಹಾಕಿದರೆ ಚಕ್ರ ತಾನೇ ತಿರುಗಿ ಜೋಡಣೆ ಕಲಿತುಕೊಳ್ಳುತ್ತದೆ. ಹಿಂದಕ್ಕೆ ತಿರುಗಿದರೆ ಬಿಡಿಸಿ ಮತ್ತೆ ಕೂಡಿಸಿ. ಕಲಿತ ಮೇಲೆ ಬಿಡಿಸಿಡಬೇಕು. ಹೀಗಿದ್ದರೂ ಆಂಪಿಯರ್ ಅಳೆಯುವುದನ್ನು ಬಿಡಬೇಡಿ.

ಜೋಡಣೆಯ ಗಂಟು

ಸರಿಯಾದ ಕ್ರಮ ಸಿಕ್ಕಿದ ಮೇಲೆ ತಂತಿ ಹೊಸೆದು ಟೇಪ್ ಸುತ್ತುವುದು ಮಾಡಿದ್ದೆಲ್ಲವನ್ನೂ ಕೆಡಿಸುತ್ತದೆ. ಲೆಕ್ಕ ನೋಡಿ: ಒಂದು ಗಂಟಿನಲ್ಲಿ ಓಮಿನ ನೂರನೇ ಒಂದು ಭಾಗ ತಡೆ ಇದೆ, 60 ಆಂಪಿಯರ್ ಹರಿಯುತ್ತಿದೆ ಎಂದರೆ ಅಲ್ಲಿ 36 ವ್ಯಾಟ್ ಶಾಖ. ರೇಡಿಯೋ ರಿಪೇರಿಯ ಸೋಲ್ಡರಿಂಗ್ ಕಡ್ಡಿಯೇ 25 ವ್ಯಾಟಿನದು. ಅಂದರೆ ಸೀಟಿನ ಕೆಳಗೆ ಟೇಪಿನೊಳಗೆ ಅದಕ್ಕಿಂತ ಬಿಸಿಯಾದ ಕಡ್ಡಿ ಇಟ್ಟು ಓಡಿಸಿದ ಹಾಗೆ. ತಂತಿಯ ತುದಿಗೆ ತಾಮ್ರದ ಲಗ್ ಹಾಕಿ ಕ್ರಿಂಪ್ ಮಾಡಿ (ಒತ್ತಿ ಬಿಗಿದು), ಬೋಲ್ಟ್ ಇರುವ ಟರ್ಮಿನಲ್ ಬ್ಲಾಕಿಗೆ ಬಿಗಿ ಮಾಡಿ. ಮೂರೂ ಗಂಟುಗಳು ಒಂದರ ಪಕ್ಕ ಒಂದು ಬಾರದಂತೆ ಹಿಂದು ಮುಂದು ಇರಲಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್. ಆಕ್ಸಲಿನಿಂದ ಹೊರಬಂದ ತಂತಿ ಮೊದಲು ಕೆಳಗಿಳಿದು ಆಮೇಲೆ ಮೇಲೇರಲಿ. ಮಳೆಗಾಲದ ಎರೆಮಣ್ಣಿನ ನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ಬೀಳುತ್ತದೆ, ತಂತಿ ಹಿಡಿದು ಮೋಟರಿನೊಳಗೆ ಹೋಗುವುದಿಲ್ಲ.

ಆಕ್ಸಲ್ ನಟ್ಟಿಗೆ ಗಾಡಿಯ ಪುಸ್ತಕದಲ್ಲಿ ಹೇಳಿದ ಬಿಗಿ ಕೊಡಿ. 12 ಮಿ.ಮೀ. ಸೈಕಲ್ ಆಕ್ಸಲಿಗೆ 40 ನ್ಯೂಟನ್ ಮೀಟರ್ ಆಸುಪಾಸು ಸಾಕು. ಉದ್ದ ಪೈಪ್ ತೂರಿಸಿ ಎಳೆದರೆ ಟೊಳ್ಳು ಆಕ್ಸಲಿನ ಥ್ರೆಡ್ ಕಿತ್ತುಬರುತ್ತದೆ.

ತಾತ್ಕಾಲಿಕ ಫ್ಯೂಸ್ ತೆಗೆದು, ಮೊದಲ ಸಲ ಒಬ್ಬರೇ ಕೂತು ಎರಡು ಕಿಲೋಮೀಟರ್ ಓಡಿಸಿ. ನಿಲ್ಲಿಸಿದ ಕೂಡಲೇ ಬ್ಯಾಟರಿ ಬಿಡಿಸಿ ಮೂರು ಗಂಟುಗಳ ಸ್ಲೀವ್, ಕಂಟ್ರೋಲರ್, ಮೋಟರಿನ ಬದಿಯ ಮುಚ್ಚಳ ಮುಟ್ಟಿ ನೋಡಿ. ಒಂದು ಗಂಟು ಮಾತ್ರ ಬಿಸಿಯಾಗಿದ್ದರೆ ಕ್ರಿಂಪ್ ಸರಿಯಿಲ್ಲ. ಮುಚ್ಚಳದ ಮೇಲೆ ಐದು ಸೆಕೆಂಡು ಕೈ ಇಡಲಾಗದಿದ್ದರೆ ಒಳಗಿನ ತಾಮ್ರ ಇನ್ನೂ ಬಹಳ ಕಾದಿದೆ, ಏಕೆಂದರೆ ಸುರುಳಿಗೂ ಮುಚ್ಚಳಕ್ಕೂ ನಡುವೆ ಗಾಳಿ ಮಾತ್ರ ಇದೆ. ತಾಮ್ರ ನೂರು ಡಿಗ್ರಿ ಹೆಚ್ಚು ಕಾದರೆ ಅದರ ತಡೆ ಸುಮಾರು 39 ಪ್ರತಿಶತ ಏರುತ್ತದೆ, ಅದೇ ಆಂಪಿಯರಿಗೆ ಇನ್ನಷ್ಟು ಶಾಖ. ನೆರಳಿನಲ್ಲೇ 43 ಡಿಗ್ರಿ ಇರುವ ಕಲಬುರಗಿ, ಯಾದಗಿರಿಯ ಬೇಸಿಗೆಯಲ್ಲಿ ಮೋಟರಿಗೆ ತಣಿಯಲು ಜಾಗವೇ ಕಡಿಮೆ. ಆದ್ದರಿಂದ ಈ ಪರೀಕ್ಷೆಯನ್ನು ಬೆಳಗಿನ ಜಾವ ಮಾಡಿ ಸಮಾಧಾನಪಟ್ಟುಕೊಳ್ಳದೆ, ಮಧ್ಯಾಹ್ನ ಎರಡಕ್ಕೆ ಇನ್ನೊಮ್ಮೆ ಮಾಡಿ. ಐವತ್ತು ಕಿಲೋಮೀಟರ್ ಓಡಿದ ಮೇಲೆ ಆಕ್ಸಲ್ ನಟ್ಟು, ಟಾರ್ಕ್ ಆರ್ಮ್ ಬೋಲ್ಟು, ಟರ್ಮಿನಲ್ ಬ್ಲಾಕಿನ ಬೋಲ್ಟುಗಳಿಗೆ ಮತ್ತೊಮ್ಮೆ ಪಾನಾ ಹಾಕಿ. ಹೊಸದಾಗಿ ಕೂರಿಸಿದ ವಾಷರ್‌ಗಳು ಅಷ್ಟರಲ್ಲಿ ತುಸು ಒತ್ತಿಕೊಂಡಿರುತ್ತವೆ, ನಟ್ಟು ಕಾಲು ಸುತ್ತು ಮುಂದೆ ಹೋಗುವುದು ಸಾಮಾನ್ಯ.